ಬಿಸಿಲಲ್ಲೇ ಹೆಪ್ಪುಗಟ್ಟಿದ ಸಲ್ಯುತ್-7

ರಾಕೇಶ್ ಶರ್ಮಾ 1984ರ ಏಪ್ರಿಲ್‌ನಲ್ಲಿ ಒಂದು ವಾರ ಇದ್ದು ಬಂದದ್ದು ಸೋವಿಯತ್ ಒಕ್ಕೂಟದ ಸಲ್ಯುತ್-7 ಬಾಹ್ಯಾಕಾಶ ನಿಲ್ದಾಣದಲ್ಲಿ. ಮರುವರ್ಷ ಫೆಬ್ರವರಿಯಲ್ಲಿ ಅದರೊಳಗೆ ಯಾರೂ ಇಲ್ಲದಾಗ ಅದು ಇದ್ದಕ್ಕಿದ್ದಂತೆ ಮೌನವಾಯಿತು. ಭೂಮಿಯಿಂದ ಎಷ್ಟು ಕರೆದರೂ ಉತ್ತರವಿಲ್ಲ.

ಅದನ್ನು ಸರಿಮಾಡಲು 1985ರ ಜೂನ್ 6ರಂದು ಬೈಕನೂರು ಉಡಾವಣಾ ಕೇಂದ್ರದಿಂದ ಸೋಯುಜ್ ಟಿ-13 ನೌಕೆ ಹೊರಟಿತು. ಒಳಗಿದ್ದವರು ವ್ಲಾದಿಮಿರ್ ಜಾನಿಬೆಕೋವ್ ಮತ್ತು ವಿಕ್ಟರ್ ಸವಿನಿಖ್, ಇಬ್ಬರೇ. ಮೂರನೆಯ ಸೀಟು ತೆಗೆದು, ಆ ಜಾಗವನ್ನು ಬೇರೆ ಸಾಮಾನಿಗೆ ಬಿಟ್ಟುಕೊಟ್ಟಿದ್ದರು. ಸಾಮಾನ್ಯವಾಗಿ ನೌಕೆಯೂ ನಿಲ್ದಾಣವೂ ರೇಡಿಯೋದಲ್ಲಿ ಮಾತಾಡಿಕೊಂಡು ತಾವಾಗಿಯೇ ಕೂಡಿಕೊಳ್ಳುತ್ತವೆ. ಇಲ್ಲಿ ಆ ಕಡೆ ಮಾತಾಡುವವರೇ ಇಲ್ಲ. ಹತ್ತಿರ ಹೋದ ಮೇಲೆ ಕಿಟಕಿಯಿಂದ ಕಣ್ಣಲ್ಲೇ ನೋಡುತ್ತಾ, ಕೈಯಲ್ಲಿ ಹಿಡಿಯುವ ಲೇಸರ್ ಉಪಕರಣದಿಂದ ದೂರ ಅಳೆಯುತ್ತಾ ನೌಕೆಯನ್ನು ನಡೆಸಬೇಕಾಯಿತು. ಸೋಲಾರ್ ಪ್ಯಾನೆಲ್‌ಗಳು ಒಂದೊಂದು ಒಂದೊಂದು ಕಡೆ ತಿರುಗಿ ನಿಂತಿದ್ದವು. ಒಳಗೆ ಕರೆಂಟಿಲ್ಲ ಎಂದು ಅಲ್ಲೇ ಗೊತ್ತಾಯಿತು. ಜೂನ್ 8ರಂದು ಜಾನಿಬೆಕೋವ್ ನೌಕೆಯನ್ನು ನಿಲ್ದಾಣಕ್ಕೆ ಸೇರಿಸಿದರು. ಬಾಹ್ಯಾಕಾಶದ ಚರಿತ್ರೆಯಲ್ಲೇ ಇಷ್ಟು ಕಷ್ಟದ ಜೋಡಣೆ ಬೇರೆ ಇಲ್ಲ ಎನ್ನುವುದು ನನ್ನ ಅಭಿಪ್ರಾಯ.

ಒಳಗೆ ಕತ್ತಲು. ಗೋಡೆಯ ಮೇಲೆ ಹಿಮ. ಕುಡಿಯುವ ನೀರೂ ಗಡ್ಡೆ ಕಟ್ಟಿತ್ತು. ಇಬ್ಬರೂ ಉಣ್ಣೆ ಟೋಪಿ ಹಾಕಿಕೊಂಡು ಕೆಲಸಕ್ಕಿಳಿದರು. ಫ್ಯಾನ್ ನಿಂತಿದ್ದರಿಂದ ಇನ್ನೊಂದು ಅಪಾಯವೂ ಇತ್ತು. ನಮ್ಮಲ್ಲಿ ಬಿಸಿ ಉಸಿರು ಹಗುರಾಗಿ ಮೇಲೇರುತ್ತದೆ. ತೂಕವೇ ಇಲ್ಲದ ಕಡೆ ಮೇಲೆ, ಕೆಳಗೆ ಎಂಬುದಿಲ್ಲ. ಬಿಟ್ಟ ಉಸಿರು ಮುಖದ ಮುಂದೆಯೇ ನಿಂತುಬಿಡುತ್ತದೆ, ಅದರೊಳಗಿನ ಇಂಗಾಲದ ಡೈಆಕ್ಸೈಡ್ ತಲೆನೋವು, ಮಂಪರು ತರುತ್ತದೆ.

ಇಷ್ಟಕ್ಕೆಲ್ಲ ಕಾರಣ ಒಂದು ಸೆನ್ಸರ್. ಬ್ಯಾಟರಿ ಎಷ್ಟು ತುಂಬಿದೆ ಎಂದು ನೋಡುವುದು ಅದರ ಕೆಲಸ. ಅದು ಕೆಟ್ಟು, ಬ್ಯಾಟರಿ ತುಂಬಿದೆ ಎಂದೇ ಹೇಳುತ್ತಾ ಹೋಯಿತು. ವ್ಯವಸ್ಥೆ ಅದನ್ನು ನಂಬಿ ಪ್ಯಾನೆಲ್‌ಗಳನ್ನು ಬೇರ್ಪಡಿಸಿತು. ಇದ್ದ ಚಾರ್ಜ್ ಖಾಲಿಯಾಯಿತು. ಮತ್ತೆ ಜೋಡಿಸುವ ಸ್ವಿಚ್ಚಿಗೂ ಕರೆಂಟ್ ಬೇಕು, ಕರೆಂಟ್ ಬರಬೇಕಾದರೆ ಆ ಸ್ವಿಚ್ ಬೇಕು! ಹೊರಗೆ ಬೇಕಾದಷ್ಟು ಬಿಸಿಲಿದ್ದರೂ ಒಳಗೆ ನಿಲ್ದಾಣ ಹೆಪ್ಪುಗಟ್ಟಿತು.

ಈ ಗಂಟು ಬಿಡಿಸಲು ಮನುಷ್ಯರೇ ಬೇಕಾಯಿತು. 8 ಬ್ಯಾಟರಿಗಳಲ್ಲಿ 6 ಮಾತ್ರ ಬದುಕುವಂತಿದ್ದವು. ಅವುಗಳಿಗೆ ಪ್ಯಾನೆಲ್‌ನ ತಂತಿಗಳನ್ನು ನೇರವಾಗಿ ಜೋಡಿಸಿದರು, ಆ ಚಳಿಯಲ್ಲಿ, ಬರಿಗೈಯಲ್ಲಿ. ಪ್ಯಾನೆಲ್ ತಿರುಗಿಸುವ ಮೋಟಾರೂ ಸತ್ತಿತ್ತಲ್ಲ, ಹಾಗಾಗಿ ಸೋಯುಜ್‌ನ ಎಂಜಿನ್ ಉರಿಸಿ ಇಡೀ ನಿಲ್ದಾಣವನ್ನೇ ಸೂರ್ಯನ ಕಡೆ ತಿರುಗಿಸಿದರು. ಒಂದೊಂದಾಗಿ ಬ್ಯಾಟರಿಗಳು ತುಂಬಿದವು, ದೀಪ ಹತ್ತಿತು.

ಬೆಚ್ಚಗಾದಂತೆ ಹಿಮ ಕರಗಿ ಎಲ್ಲೆಲ್ಲೂ ನೀರು. ತಂತಿಗಳ ನಡುವೆ ನೀರು ಸೇರಿದರೆ ಶಾರ್ಟ್ ಸರ್ಕ್ಯೂಟ್. ಕೈಗೆ ಸಿಕ್ಕ ಬಟ್ಟೆಯಲ್ಲೆಲ್ಲ ಒರೆಸಿದರು. ಅದೇ ತಿಂಗಳು ಸರಕು ನೌಕೆ ನೀರು, ಇಂಧನ ತಂದಿತು. ಸೆಪ್ಟೆಂಬರ್‌ನಲ್ಲಿ ಹೊಸ ತಂಡ ಬಂದಾಗ ಜಾನಿಬೆಕೋವ್ ಭೂಮಿಗೆ ಇಳಿದರು, ಸವಿನಿಖ್ ಅಲ್ಲೇ ಉಳಿದರು. ಮರುವರ್ಷ ಕಿಜಿಮ್ ಮತ್ತು ಸೊಲೊವ್ಯೊವ್ ಎಂಬ ಗಗನಯಾತ್ರಿಗಳು ಹೊಸ ಮಿರ್ ನಿಲ್ದಾಣದಿಂದ ಇಲ್ಲಿಗೆ ಬಂದು ಕೆಲಸ ಮಾಡಿ, ಒಂದಷ್ಟು ಉಪಕರಣ ಕಟ್ಟಿಕೊಂಡು ಮಿರ್‌ಗೆ ವಾಪಸಾದರು.