ಚಿತ್ರ ಚೆನ್ನಾಗಿ ಬರದ ಮಕ್ಕಳು ಕಟ್ಟಡ ವಿನ್ಯಾಸ ಸ್ಪರ್ಧೆಗೆ ಸೇರಬಹುದಾ?

ಪ್ರಶ್ನೆ: ಮಗಳು ಎಂಟನೇ ತರಗತಿ. ಶಾಲಾ ಮಕ್ಕಳಿಗಾಗಿ ನಡೆಯುವ ಕಟ್ಟಡ ವಿನ್ಯಾಸ ಸ್ಪರ್ಧೆಗೆ ಸೇರಬೇಕು ಅಂತ ಅವಳಿಗೆ ತುಂಬ ಆಸೆ. ಆದರೆ ಚಿತ್ರ ಬಿಡಿಸುವುದು ಅಷ್ಟಕ್ಕಷ್ಟೇ. ಕಂಪ್ಯೂಟರ್‌ನಲ್ಲಿ ತ್ರೀಡಿ ಮಾಡುವುದೂ ಗೊತ್ತಿಲ್ಲ. ಸೇರಿಸಿದರೆ ಸುಮ್ನೆ ನಿರಾಸೆ ಆಗುತ್ತದಾ?

ಉತ್ತರ: ಧೈರ್ಯವಾಗಿ ಸೇರಿಸಿ. ಈ ಪ್ರಶ್ನೆ ತುಂಬ ತಂದೆತಾಯಂದಿರು ಕೇಳುತ್ತಾರೆ. ಇದೊಂದೇ ಕಾರಣಕ್ಕೆ ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ. ಇದು ಚಿತ್ರಕಲಾ ಸ್ಪರ್ಧೆ ಅಲ್ಲ. ಒಂದು ಜಾಗವನ್ನು ಜನ ಹೇಗೆ ಬಳಸುತ್ತಾರೆ ಅನ್ನುವುದನ್ನು ಮಗು ಗಮನಿಸಿದೆಯಾ, ಅದಕ್ಕೆ ತಕ್ಕಂತೆ ಯೋಚಿಸಿದೆಯಾ ಅನ್ನುವುದನ್ನೇ ತೀರ್ಪುಗಾರರು ಮೊದಲು ಹುಡುಕುತ್ತಾರೆ.

ದೊಡ್ಡವರ ಸ್ಪರ್ಧೆಯಲ್ಲೂ ಹೀಗೇ ಆಗಿದೆ. ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರಿಗಾಗಿ ವಾಷಿಂಗ್ಟನ್‌ನಲ್ಲಿ ಒಂದು ಸ್ಮಾರಕ ಕಟ್ಟಲು ಸ್ಪರ್ಧೆ ನಡೆಯಿತು. 1,400ಕ್ಕೂ ಜಾಸ್ತಿ ವಿನ್ಯಾಸಗಳು ಬಂದವು. ಹಾಳೆಗಳ ಮೇಲೆ ಹೆಸರಿರಲಿಲ್ಲ, ಬರೀ ಸಂಖ್ಯೆ ಇತ್ತು. 1981ರಲ್ಲಿ ಗೆದ್ದಿದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಓದುತ್ತಿದ್ದ, 21 ವರ್ಷದ ಮಾಯಾ ಲಿನ್. ಆಕೆ ಕಳಿಸಿದ್ದು ಪೇಸ್ಟಲ್‌ನಲ್ಲಿ ಮಾಡಿದ, ತೀರಾ ಸರಳವಾದ ಚಿತ್ರಗಳು. ಹುಲ್ಲಿನ ನೆಲ, ಅದರೊಳಗೆ ಒಂದು ಕಪ್ಪು ಆಕಾರ, ಅಷ್ಟೇ. ಜೊತೆಗೆ ಬರವಣಿಗೆ ಇತ್ತು. ನೆಲದೊಳಕ್ಕೆ ನಿಧಾನವಾಗಿ ಇಳಿಯುವ ದಾರಿ, ಕಪ್ಪು ಕಲ್ಲಿನ ಗೋಡೆ, ಸತ್ತವರ ಹೆಸರುಗಳು ವರ್ಣಮಾಲೆಯ ಕ್ರಮದಲ್ಲಲ್ಲ, ಸತ್ತ ಕ್ರಮದಲ್ಲಿ. ಅಲ್ಲಿ ನಡೆಯುವವರಿಗೆ ಏನನ್ನಿಸಬೇಕು ಅನ್ನುವುದು ಆಕೆಗೆ ಸ್ಪಷ್ಟವಾಗಿತ್ತು. ಮರುವರ್ಷವೇ ಸ್ಮಾರಕ ಸಿದ್ಧವಾಯಿತು.

ಹಾಗಂತ ಗೆರೆ ಎಳೆಯುವುದೇ ಬೇಡ ಅಂತಲ್ಲ. ಪ್ಲಾನ್, ಸೆಕ್ಷನ್, ಎಲಿವೇಷನ್ ಅನ್ನುವ ಮೂರು ನಕ್ಷೆಗಳನ್ನು ಹೆಚ್ಚಿನ ಸ್ಪರ್ಧೆಗಳು ಕೇಳುತ್ತವೆ. ಇವಕ್ಕೆ ಬೇಕಿರುವುದು ಸ್ಕೇಲು, ಪೆನ್ಸಿಲ್ಲು, ಸ್ವಲ್ಪ ತಾಳ್ಮೆ. ಕಲಾವಿದರ ಕೈ ಬೇಕಿಲ್ಲ. ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಕಟ್ಟಡವನ್ನು ಅಡ್ಡಲಾಗಿ ಕತ್ತರಿಸಿ, ಡಬ್ಬಿಯ ಮುಚ್ಚಳ ತೆಗೆದ ಹಾಗೆ ಮೇಲಿನ ಭಾಗ ಎತ್ತಿಟ್ಟು ಒಳಗೆ ನೋಡಿದರೆ ಕಾಣುವುದು ಪ್ಲಾನ್. ಬಾಗಿಲು, ಕಿಟಕಿ ಎರಡೂ ಆ ಎತ್ತರದಲ್ಲಿ ಸಿಗುತ್ತವೆ, ಅದಕ್ಕೇ ಅಲ್ಲಿ ಕತ್ತರಿಸುವುದು. ಮೇಲಿನಿಂದ ಕೆಳಕ್ಕೆ ಕತ್ತರಿಸಿ ಪಕ್ಕದಿಂದ ನೋಡಿದರೆ ಸೆಕ್ಷನ್. ಹೊರಗೋಡೆಯನ್ನು ನೇರ ಎದುರಿನಿಂದ ನೋಡಿದ್ದು ಎಲಿವೇಷನ್. ಮಕ್ಕಳು ಹೆಚ್ಚಾಗಿ ಎಲಿವೇಷನ್‌ಗೇ ಬಣ್ಣ ಬಳಿಯುತ್ತಾ ಕೂರುತ್ತಾರೆ. ನನ್ನನ್ನು ಕೇಳಿದರೆ ಸೆಕ್ಷನ್‌ಗೆ ಜಾಸ್ತಿ ಸಮಯ ಕೊಡಬೇಕು. ಬೆಳಕು ಎಲ್ಲಿಂದ ಬರುತ್ತದೆ, ಸೂರು ಎಷ್ಟು ಎತ್ತರ, ಕೂತವರಿಗೆ ಕಿಟಕಿಯಾಚೆ ಏನು ಕಾಣುತ್ತದೆ, ಎಲ್ಲ ಅದರಲ್ಲೇ ಇರುತ್ತದೆ.

ಅಳತೆಯ ಲೆಕ್ಕವೂ ಸುಲಭ. 1:50 ಅಂದರೆ ನಿಜವಾದ 1 ಮೀಟರ್ ಹಾಳೆಯ ಮೇಲೆ 2 ಸೆಂಟಿಮೀಟರ್. 6 ಮೀಟರ್ ಅಗಲ, 8 ಮೀಟರ್ ಉದ್ದದ ಕೋಣೆ 12 ಮತ್ತು 16 ಸೆಂಟಿಮೀಟರ್ ಆಗುತ್ತದೆ. 1:100 ಆದರೆ ಅದರಲ್ಲಿ ಅರ್ಧ. ಪ್ರತಿ ಸೆಕ್ಷನ್‌ನಲ್ಲೂ ಅದೇ ಅಳತೆಗೆ ಒಬ್ಬ ಮನುಷ್ಯನನ್ನು ಬರೆಯಲು ಹೇಳಿ. ಗೀಟು ಗೀಟಾದ ಆಕೃತಿಯಾದರೂ ಪರವಾಗಿಲ್ಲ. 1.6 ಮೀಟರ್ ಎತ್ತರದ ಮನುಷ್ಯ 1:50ರಲ್ಲಿ 3.2 ಸೆಂಟಿಮೀಟರ್. ಅವನನ್ನು ಪಕ್ಕದಲ್ಲಿ ನಿಲ್ಲಿಸಿದ ಕೂಡಲೇ ಬಾಗಿಲು ಕುಳ್ಳಾಗಿದೆಯಾ, ಕಿಟಕಿ ತಲೆಗಿಂತ ಮೇಲೆ ಹೋಗಿದೆಯಾ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ನಿಜವಾದ ಕೆಲಸ ಇರುವುದು ಇದಕ್ಕೂ ಮೊದಲು. ಸ್ಪರ್ಧೆಯ ವಿಷಯ ಓದುವ ಕೋಣೆ ಅಂತಿದ್ದರೆ, ಅವಳು ಪೆನ್ಸಿಲ್ ಹಿಡಿಯುವ ಮುಂಚೆ ಒಂದು ಗ್ರಂಥಾಲಯಕ್ಕೆ ಹೋಗಿ ಸುಮ್ಮನೆ ಕೂತು ನೋಡಲಿ. ಯಾವ ಕುರ್ಚಿ ಮೊದಲು ತುಂಬುತ್ತದೆ? ಯಾವ ಮೂಲೆಗೆ ಯಾರೂ ಹೋಗುವುದಿಲ್ಲ? ಬಿಸಿಲು ಮೇಜಿನ ಮೇಲೆ ಬಿದ್ದಾಗ ಜನ ಎದ್ದು ಎಲ್ಲಿಗೆ ಹೋಗುತ್ತಾರೆ? ವಯಸ್ಸಾದವರು ಕಪಾಟಿನ ಕೆಳಗಿನ ಸಾಲಿನಿಂದ ಪುಸ್ತಕ ತೆಗೆಯುವುದು ಹೇಗೆ? ಇಂಥ ನಾಲ್ಕು ಸಂಗತಿ ಅವಳೇ ಕಂಡುಕೊಂಡರೆ ವಿನ್ಯಾಸದ ಅರ್ಧ ಕೆಲಸ ಆಯಿತು. ಕಮಲದ ಆಕಾರದ ಕಟ್ಟಡ, ತೆರೆದ ಪುಸ್ತಕದ ಆಕಾರದ ಕಟ್ಟಡ ತೀರ್ಪುಗಾರರ ಮುಂದೆ ಎಷ್ಟೋ ಬಂದಿರುತ್ತವೆ. ಆ ಕೆಳಗಿನ ಸಾಲಿನ ತೊಂದರೆಗೆ ಉತ್ತರ ಹುಡುಕಿದ ಮಗು ಅಪರೂಪ.

ನೋಡುವುದರ ಜೊತೆ ಅಳೆಯುವುದೂ ಬೇಕು. ಒಂದು ಟೇಪ್ ಕೊಡಿ. ಆರಾಮಾಗಿ ಹತ್ತಬಹುದಾದ ಮೆಟ್ಟಿಲಿನ ಎತ್ತರ, ಕಾಲಿಡುವ ಜಾಗದ ಅಗಲ ಬರೆದುಕೊಳ್ಳಲಿ. ಎತ್ತರ ಸುಮಾರು 15, ಅಗಲ ಸುಮಾರು 30 ಸೆಂಟಿಮೀಟರ್ ಸಿಗಬಹುದು. ಎತ್ತರದ ಎರಡರಷ್ಟಕ್ಕೆ ಅಗಲ ಸೇರಿಸಿದರೆ 60ರಿಂದ 65 ಸೆಂಟಿಮೀಟರ್ ಒಳಗೆ ಬರಬೇಕು ಅನ್ನುವ ಹಳೆಯ ಲೆಕ್ಕವೊಂದಿದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಫ್ರಾಂಸ್ವಾ ಬ್ಲೊಂಡೆಲ್ ಮನುಷ್ಯನ ಹೆಜ್ಜೆಯ ಅಳತೆಯಿಂದ ಕಟ್ಟಿದ ಲೆಕ್ಕ ಅದು. ಇವತ್ತಿಗೂ ಆರ್ಕಿಟೆಕ್ಟ್‌ಗಳು ಅದನ್ನು ಬಳಸುತ್ತಾರೆ.

ಮಕ್ಕಳ ನಕ್ಷೆಗಳು ಜಾಸ್ತಿ ಎಡವುವುದು ಗಾಲಿಕುರ್ಚಿಯ ಇಳಿಜಾರಿನಲ್ಲಿ. ಮೂರು ಮೆಟ್ಟಿಲು, ಪಕ್ಕದಲ್ಲೇ ಅಷ್ಟೇ ಉದ್ದದ ರ್‍ಯಾಂಪ್. ನೋಡಲು ಅಚ್ಚುಕಟ್ಟು, ಆದರೆ ಅದರ ಮೇಲೆ ಯಾರೂ ಹತ್ತಲಾರರು. 1:12ಕ್ಕಿಂತ, ಅಂದರೆ 1 ಮೀಟರ್ ಎತ್ತರಕ್ಕೆ 12 ಮೀಟರ್ ಉದ್ದಕ್ಕಿಂತ, ಕಡಿದಾಗಿರಬಾರದು ಅನ್ನುವುದು ಬಹಳ ಕಡೆ ಇರುವ ನಿಯಮ. ಮೂರು ಮೆಟ್ಟಿಲು ಸೇರಿ 45 ಸೆಂಟಿಮೀಟರ್ ಎತ್ತರವಾದರೆ ರ್‍ಯಾಂಪ್ 5.4 ಮೀಟರ್ ಉದ್ದ ಬೇಕು. ಕುರ್ಚಿ ತಿರುಗಿಸಲು ಸುಮಾರು 1.5 ಮೀಟರ್ ಜಾಗ ಬೇರೆ. ಇದನ್ನು ಲೆಕ್ಕ ಹಾಕಿದ ಕೂಡಲೇ ಇಡೀ ಪ್ಲಾನ್ ಬದಲಾಗುತ್ತದೆ, ಬಾಗಿಲಿನ ಜಾಗವೇ ಬೇರೆ ಕಡೆ ಹೋಗಬಹುದು. ಆ ಬದಲಾವಣೆಗೆ ಅವಳು ಹೆದರಬಾರದು. ಎಲ್ಲರೂ ಒಂದೇ ಬಾಗಿಲಿನಿಂದ, ಒಂದೇ ದಾರಿಯಲ್ಲಿ ಒಳಗೆ ಬರುವ ಹಾಗೆ ಮಾಡಿದರೆ ಇನ್ನೂ ಒಳ್ಳೆಯದು.

ಚಿತ್ರದಲ್ಲಿ ಹೇಳಲಾಗದ್ದನ್ನು ಮಾಡೆಲ್‌ನಲ್ಲಿ ಹೇಳಬಹುದು. ಇಟಲಿಯ ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟ ಕಟ್ಟುವುದು ಹೇಗೆ ಅಂತ 1418ರಲ್ಲಿ ಸ್ಪರ್ಧೆ ಇಟ್ಟಾಗ ಬ್ರುನೆಲ್ಲೆಸ್ಕಿ ಅನ್ನುವವನು ಇಟ್ಟಿಗೆಯಲ್ಲೇ ಮಾಡೆಲ್ ಕಟ್ಟಿ ತೋರಿಸಿದ. ಕೆಳಗಿನಿಂದ ಮರದ ಆಸರೆ ಕೊಡದೆಯೂ ಗುಮ್ಮಟ ನಿಲ್ಲಿಸಬಹುದು ಅನ್ನುವುದು ಅವನ ವಾದ. ನಿಮ್ಮ ಮಗಳಿಗೆ ಹಳೆಯ ರಟ್ಟಿನ ಪೆಟ್ಟಿಗೆ, ಅಂಟು, ಕತ್ತರಿ ಸಾಕು. ಒರಟಾಗಿರಲಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನೇ ಸೂರ್ಯ ಅಂದುಕೊಂಡು ಬೆಳಗಿನ, ಮಧ್ಯಾಹ್ನದ, ಸಂಜೆಯ ಕೋನದಲ್ಲಿ ಹಿಡಿದು ಒಳಗೆ ಇಣುಕಿ ನೋಡಲಿ. ನೆತ್ತಿಯ ಮೇಲಿನ ಬಿಸಿಲನ್ನು ಕಿಟಕಿಯ ಮೇಲಿನ ಚಿಕ್ಕ ಚಾವಣಿ ತಡೆಯುತ್ತದೆ. ಸಂಜೆ ಓರೆಯಾಗಿ ಬರುವ ಬಿಸಿಲು ಅದರ ಕೆಳಗೇ ನುಸುಳಿ ಕೋಣೆಯ ಆಚೆ ಗೋಡೆಯವರೆಗೂ ಹೋಗುತ್ತದೆ. ಪ್ರತಿ ಸಲದ ಫೋಟೊ ತೆಗೆದು ಹಾಳೆಗೆ ಅಂಟಿಸಿದರೆ ಯಾವ ತ್ರೀಡಿ ಚಿತ್ರಕ್ಕೂ ಕಡಿಮೆ ಇಲ್ಲ.

ಕಂಪ್ಯೂಟರ್ ಕಲಿಯುವ ಆಸೆ ಇದ್ದರೆ, ತ್ರೀಡಿ ಮಾಡುವ ತಂತ್ರಾಂಶವಾದ ಸ್ಕೆಚಪ್‌ನ ಉಚಿತ ಆವೃತ್ತಿ ಬ್ರೌಸರ್‌ನಲ್ಲೇ ತೆರೆಯುತ್ತದೆ. ಆದರೆ ಸ್ಪರ್ಧೆಗೆ ದಿನ ಹತ್ತಿರವಿದ್ದಾಗ ಅದಕ್ಕೆ ಕೈ ಹಾಕುವುದು ಬೇಡ. ಎಐ ಚಿತ್ರ ಬಳಸಬಹುದಾ ಅನ್ನುವುದನ್ನು ಆಯಾ ಸ್ಪರ್ಧೆಯ ನಿಯಮದಲ್ಲಿ ನೋಡಿ. ಅವಕಾಶ ಇದ್ದರೂ ಅದರ ಮೇಲೆ ಒರಗಿಕೊಳ್ಳಬೇಡಿ ಅನ್ನುತ್ತೇನೆ. ಪ್ಲಾನ್‌ಗೂ ಚಿತ್ರಕ್ಕೂ ತಾಳೆಯಾಗದಿದ್ದರೆ ನೋಡಿದ ತಕ್ಷಣ ಗೊತ್ತಾಗುತ್ತದೆ.

ಇನ್ನು ನಿಮ್ಮ ಪಾತ್ರ. ದಪ್ಪ ರಟ್ಟು ಕತ್ತರಿಸುವಾಗ ಪಕ್ಕದಲ್ಲಿರಿ, ಟೇಪಿನ ಇನ್ನೊಂದು ತುದಿ ಹಿಡಿಯಿರಿ, ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. ವಿನ್ಯಾಸ ಮಾತ್ರ ತಿದ್ದಬೇಡಿ. ಮಗುವನ್ನು ಎದುರು ನಿಲ್ಲಿಸಿ ಮಾತಾಡಿಸುವ ಸ್ಪರ್ಧೆಗಳಿವೆ. 'ಈ ಕಿಟಕಿ ಯಾಕೆ ಇಲ್ಲಿ?' ಅಂತ ಕೇಳಿದಾಗ ಅವಳಿಗೆ ತನ್ನದೇ ಉತ್ತರ ಇರಬೇಕು, ಅಲ್ವಾ? ಮನೆಯಲ್ಲಿ ಇದೇ ಪ್ರಶ್ನೆಯನ್ನು ನೀವೂ ಕೇಳುತ್ತಿರಿ. ಉತ್ತರ ಸಿಗದಿದ್ದರೆ ಆ ಕಿಟಕಿಯ ಬಗ್ಗೆ ಅವಳೇ ಇನ್ನೊಮ್ಮೆ ಯೋಚಿಸುತ್ತಾಳೆ.

ಹರಿದು ಬಿಸಾಡಬೇಕು ಅನ್ನಿಸುವ ಮೊದಲ ಗೀಚುಗಳನ್ನೂ ದಿನಾಂಕ ಹಾಕಿ ಇಟ್ಟುಕೊಳ್ಳಲಿ, ಯೋಚನೆ ಹೇಗೆ ಬೆಳೆಯಿತು ಅಂತ ತೋರಿಸಲು ಅವೇ ಬೇಕಾಗುತ್ತವೆ. ಕಳಿಸುವ ಮುಂಚೆ ನಿಯಮದ ಪುಟವನ್ನು ಇಬ್ಬರೂ ಸೇರಿ ಓದಿ. ಹಾಳೆಯ ಗಾತ್ರ, ವಿವರಣೆಯ ಪದಮಿತಿ, ವಯಸ್ಸಿನ ಗುಂಪು ನೋಡಿಕೊಳ್ಳಿ. ಸಂಖ್ಯೆ ಮಾತ್ರ ಬರೆಯಬೇಕು ಅಂತಿದ್ದರೆ ಹಾಳೆಯ ಹಿಂದೆಯೂ ಹೆಸರು, ಶಾಲೆ ಬರೆಯಬಾರದು. ಅಷ್ಟಕ್ಕೇ ಕೆಲಸ ತಿರಸ್ಕಾರ ಆಗಬಹುದು.