ಕೈ ಎತ್ತುವ ಮೊದಲು ಪಟ್ಟಿ ಓದಿ

ಹುಬ್ಬಳ್ಳಿ-ಧಾರವಾಡದ ಹೊರವಲಯದಲ್ಲಿ ಇನ್ನೂ ಪಾಲಿಕೆಗೆ ಹಸ್ತಾಂತರವಾಗದ ಲೇಔಟುಗಳಲ್ಲಿ ಗಟಾರ, ಬೀದಿದೀಪ, ಬೋರ್‌ವೆಲ್ ಪಂಪುಗಳಿಗೆ ಬಹುತೇಕ ನಿವಾಸಿಗಳೇ ದುಡ್ಡು ಹಾಕಬೇಕು. ಇಂಥ ಲೇಔಟುಗಳ ನಿವಾಸಿ ಸಂಘಗಳ ಲೆಕ್ಕ ತಪಾಸಣೆ ನನ್ನ ಕೆಲಸ. ಅವರ ಠರಾವು ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ಪದ್ಧತಿ. ಮೊದಲು ‘ಬೇಕೋ ಬೇಡವೋ’ ಎಂದು ಕೈ ಎತ್ತಿಸುತ್ತಾರೆ. ಖರ್ಚು ಮನೆಗಿಷ್ಟು ಎಂದು ಸಮನಾಗಿಯೇ ಬೀಳುತ್ತದೆ ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ.

ಒಂದು ಲೆಕ್ಕ ಹಾಕೋಣ. 30 ಮನೆ, ಗಟಾರಕ್ಕೆ 6 ಲಕ್ಷ ರೂಪಾಯಿ, ಮನೆಗೆ 20 ಸಾವಿರ. ತಗ್ಗಿನಲ್ಲಿರುವ 10 ಮನೆಗಳಿಗೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆ; ಅವರಿಗೆ ಆ ಗಟಾರ ತಲಾ 50 ಸಾವಿರ ಬೆಲೆಬಾಳುತ್ತದೆ. ಮೇಲಿನ 20 ಮನೆಗಳಿಗೆ ತಲಾ 10 ಸಾವಿರ. ಒಟ್ಟು ಪ್ರಯೋಜನ 7 ಲಕ್ಷ, ಖರ್ಚಿಗಿಂತ ಒಂದು ಲಕ್ಷ ಜಾಸ್ತಿ. ಆದರೂ ಮತಕ್ಕೆ ಹಾಕಿದರೆ 20-10ರಲ್ಲಿ ಗಟಾರ ಸೋಲುತ್ತದೆ.

ಇನ್ನು ಅದೇ ಲೇಔಟಿಗೆ 3 ಲಕ್ಷದ ಕಮಾನು. 16 ಮನೆಯವರಿಗೆ ಅದು ತಲಾ 12 ಸಾವಿರದಷ್ಟು ಇಷ್ಟ, ಉಳಿದ 14 ಮನೆಯವರಿಗೆ ಏನೂ ಅಲ್ಲ. ಒಟ್ಟು ಪ್ರಯೋಜನ ಎರಡು ಲಕ್ಷಕ್ಕೂ ಕಡಿಮೆ. ಆದರೆ ಮನೆಗೆ ಬೀಳುವ ಪಾಲು 10 ಸಾವಿರವಷ್ಟೇ, ಹಾಗಾಗಿ ಕಮಾನು ಗೆಲ್ಲುತ್ತದೆ! ನೀರು ನುಗ್ಗುವ ಊರಿಗೆ ಕಮಾನು ಕಟ್ಟಿಸುವ ಈ ಗಣಿತ ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಒಬ್ಬರಿಗೆ ಒಂದೇ ಮತ ಎಂಬುದು ನಮ್ಮ ಭಾಗದ ಹೆಮ್ಮೆಯ ರೂಢಿ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನೆಲವಿದು. ಪದಾಧಿಕಾರಿಗಳನ್ನು ಆರಿಸಲು ಆ ನಿಯಮ ಇರಲೇಬೇಕು, ಇಲ್ಲದಿದ್ದರೆ ದುಡ್ಡಿದ್ದವರೇ ಸಂಘವನ್ನು ಕೊಂಡುಬಿಡುತ್ತಾರೆ. ಆದರೆ ಮತ ತಲೆ ಎಣಿಸುತ್ತದೆ. ಯಾರಿಗೆ ಎಷ್ಟು ಬೇಕು ಎಂಬುದನ್ನು ತೂಗುವುದಿಲ್ಲ. ಸಾರ್ವಜನಿಕ ಸೌಲಭ್ಯ ಎಷ್ಟಿರಬೇಕೆಂದು ತಿಳಿಯಲು ಎಲ್ಲರ ಪ್ರಯೋಜನವನ್ನೂ ಕೂಡಿಸಿ ಖರ್ಚಿನ ಪಕ್ಕ ಇಡಬೇಕು ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ 1954ರಲ್ಲಿ ತೋರಿಸಿದರು.

ಇದನ್ನು ಸರಿಪಡಿಸುವ ದಾರಿ ಅದಕ್ಕೂ ಹಳೆಯದು. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಕ್ನೂಟ್ ವಿಕ್ಸೆಲ್ 1896ರಲ್ಲೇ ಹೇಳಿದ್ದರು: ಖರ್ಚಿನ ಪ್ರಸ್ತಾವವನ್ನೂ ಅದನ್ನು ಯಾರು ಎಷ್ಟು ಭರಿಸಬೇಕು ಎಂಬುದನ್ನೂ ಒಟ್ಟಿಗೇ ಮತಕ್ಕೆ ಹಾಕಿ. ನಮ್ಮ ಗಟಾರಕ್ಕೆ ತಗ್ಗಿನವರು ತಲಾ 44 ಸಾವಿರ, ಮೇಲಿನವರು ತಲಾ 8 ಸಾವಿರ ಎಂದು ಪಟ್ಟಿ ಮಾಡಿದರೆ 6 ಲಕ್ಷ ಸರಿಯಾಗಿ ಕೂಡುತ್ತದೆ. ಯಾರಿಗೂ ನಷ್ಟವಿಲ್ಲ, 30 ಕೈಗಳೂ ಮೇಲೇಳಬಹುದು.

ಸಭೆಯಲ್ಲಿ ಆಗ ಕೇಳಿಬರುವ ಮಾತು ನನಗೆ ಬಾಯಿಪಾಠ: “ನಮ್ಮ ಮನಿಗೆ ನೀರ ಬರಂಗಿಲ್ರೀ, ನಾವ್ಯಾಕ ಕೊಡೂದು?” ಇದಕ್ಕೆ ಉತ್ತರ ಇಳಿಜಾರಿನಲ್ಲೇ ಇದೆ. ಮೇಲಿನ ಮನೆಗಳ ತಾರಸಿ, ಅಂಗಳದ ನೀರೇ ಹರಿದು ಕೆಳಗಿನವರ ಪಡಸಾಲೆ ಸೇರುವುದು. ಇದನ್ನು ನೆನೆದರೆ 8 ಸಾವಿರವೂ ಕಡಿಮೆಯೇ ಎನ್ನುತ್ತೇನೆ.

ಇದಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ‘ನಿಮಗೆ ಎಷ್ಟು ಉಪಯೋಗ’ ಎಂದು ಕೇಳಿ ಅದರ ಮೇಲೆ ವಂತಿಗೆ ಹಾಕಿದರೆ ಯಾರೂ ನಿಜ ಹೇಳುವುದಿಲ್ಲ; ಬೇರೆಯವರು ಕೊಟ್ಟರೂ ಗಟಾರ ಆಗಿಯೇ ಆಗುತ್ತದಲ್ಲ! ಹಾಗಾಗಿ ಬಾಯಿಮಾತು ಕೇಳಬೇಡಿ. ಗೋಡೆಯ ಮೇಲೆ ನೀರು ನಿಂತ ಗುರುತು, ಸೈಟಿನ ಎತ್ತರ-ತಗ್ಗು, ರಸ್ತೆಗೆ ತಾಗಿದ ಅಡಿ ನೋಡಿ. ಟೇಪು ಹಿಡಿದು ಅಳೆಯಬಹುದಾದದ್ದರ ಮೇಲೆ ಪಾಲು ಕಟ್ಟಿ. ಪಿಂಚಣಿಯಲ್ಲಿ ಬದುಕುವವರಿಗೆ ಕಂತು ಕೊಡಿ, ಆ ಮಾತೂ ಅದೇ ಠರಾವಿನಲ್ಲಿರಲಿ.

ಎಲ್ಲರೂ ಒಪ್ಪಲೇಬೇಕೆಂದರೆ ಒಬ್ಬರ ಹಟ ಸಾಕು, ಕೆಲಸ ನಿಲ್ಲುತ್ತದೆ. ವಿಕ್ಸೆಲ್ ಕೂಡ ಪೂರ್ತಿ ಸರ್ವಾನುಮತ ಕೇಳಲಿಲ್ಲ, ಅದಕ್ಕೆ ಹತ್ತಿರವಾದದ್ದು ಸಾಕೆಂದರು. ವರ್ಷದ ನಿರ್ವಹಣಾ ಖರ್ಚಿಗೆ ಸಾದಾ ಬಹುಮತ, ಒಂದೇ ಸಲದ ದೊಡ್ಡ ವಂತಿಗೆಗೆ ನಾಲ್ಕರಲ್ಲಿ ಮೂರು ಪಾಲು ಮತ ಎಂದು ಬೈಲಾದಲ್ಲಿ ಬರೆದುಕೊಳ್ಳಿ ಎಂಬುದು ನನ್ನ ಸಲಹೆ. ಪಾಲಿನ ಪಟ್ಟಿಯನ್ನು ಸಭೆಯ ನೋಟಿಸಿನ ಜೊತೆಗೇ ಮನೆಮನೆಗೆ ಮುಟ್ಟಿಸಿ.