ಸ್ಟ್ರೋಕ್ ಆದ ಕೈಗೆ ರಬ್ಬರ್ ಚೆಂಡು ಸಾಲದು

ಉಡುಪಿ, ಮಂಗಳೂರು ಕಡೆ ಯಾರಾದರೂ ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದರೆ, ನೋಡಲು ಬರುವವರ ಕೈಯಲ್ಲಿ ಮೂಸಂಬಿ ಇರುತ್ತದೆ, ಬಾಯಲ್ಲಿ ಸಲಹೆ ಇರುತ್ತದೆ. ಒಬ್ಬರು ಯಾವುದೋ ಎಣ್ಣೆ ಹೇಳುತ್ತಾರೆ. ಇನ್ನೊಬ್ಬರು ಪಾರಿವಾಳದ ರಕ್ತ ಹಚ್ಚಿ ಅನ್ನುತ್ತಾರೆ. ಮತ್ತೊಬ್ಬರು ದನಿ ತಗ್ಗಿಸಿ, ಕುಲೆಯ (ಸತ್ತವರ ಪ್ರೇತದ) ಉಪದ್ರ ಇರಬಹುದು, ಒಮ್ಮೆ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಟ್ಟು ನೋಡಿ ಅನ್ನುತ್ತಾರೆ. ಇದನ್ನೆಲ್ಲ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಸಿಗುವುದು 4.5 ಗಂಟೆ ಮಾತ್ರ. ಇಂಥ ಮಾತು ನಂಬಿ, ಸ್ಟ್ರೋಕ್ ಆದ ಕೂಡಲೇ ಆಸ್ಪತ್ರೆಗೆ ಹೋಗದೆ ಅಷ್ಟು ಹೊತ್ತು ಎಣ್ಣೆ ತಿಕ್ಕುವುದರಲ್ಲೇ ಕಳೆದರೆ ಹೋದದ್ದು ಹೋದ ಹಾಗೇ. ಆದರೆ ಇವತ್ತು ನಾನು ಹೇಳಹೊರಟದ್ದು ಓದಿದವರೂ ನಂಬುವ ಇನ್ನೊಂದು ಸಂಗತಿ. ಮೆಡಿಕಲ್ ಶಾಪಿನಿಂದ ತಂದ ಹಳದಿ ಬಣ್ಣದ, ನಗುಮುಖದ ಮೆತ್ತನೆಯ ಚೆಂಡು. 'ದಿನಾ ಇದನ್ನು ಹಿಸುಕಿ, ಕೈ ಬರುತ್ತದೆ.'

ಇದರ ಹಿಂದೆ ಒಂದು ಲೆಕ್ಕ ಇದೆ. ಕೈಯ ಬಲ ಹೋಗಿದೆ, ಬಲ ಬಂದರೆ ಕೆಲಸ ತಾನಾಗಿ ಬರುತ್ತದೆ ಅಂತ. ಆದರೆ ಸ್ಟ್ರೋಕ್ ಆದವರ ಕೈಯನ್ನು ಹತ್ತಿರದಿಂದ ನೋಡಿ. ಎಷ್ಟೋ ಜನರಲ್ಲಿ ಬೆರಳು ಒಳಕ್ಕೆ ಮಡಚಿರುತ್ತದೆ, ಮೊಣಕೈ ಮಡಚಿ ಎದೆಯ ಹತ್ತಿರ ಬಂದಿರುತ್ತದೆ. ಲೋಟ ಹಿಡಿಯಲು ಆಗುತ್ತದೆ, ಹಿಡಿದ ಲೋಟ ಬಿಡಲು ಆಗುವುದಿಲ್ಲ. ಅಂಥವರಿಗೆ ಕಷ್ಟ ಇರುವುದು ಕೈ ಬಿಚ್ಚುವುದರಲ್ಲಿ. ನಾವು ಮಾಡಿಸುವುದು ಮುಚ್ಚುವ ಅಭ್ಯಾಸ. ಬಲದ ವ್ಯಾಯಾಮ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಅದರಿಂದ ಬಲ ಬರುತ್ತದೆ. ಆದರೆ ಚಲನೆ ಅಂದರೆ ಬರೀ ಬಲ ಅಲ್ಲ, ಅಲ್ವಾ?

ಉಡುಪಿ ಹತ್ತಿರದ ಶಂಕರಪುರದ ಕಡೆ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುವವರ ಕೈ ನೋಡಿದ್ದೀರಾ? ಒದ್ದೆ ಮಾಡಿದ ಬಾಳೆ ನಾರು, ಎರಡು ಮೊಗ್ಗು ಈಚೆ ಮುಖ, ಎರಡು ಆಚೆ ಮುಖ, ಒಂದು ಸುತ್ತು, ಒಂದು ಎಳೆತ. ಜಾಸ್ತಿ ಎಳೆದರೆ ತೊಟ್ಟು ಕತ್ತರಿಸುತ್ತದೆ, ಕಡಿಮೆ ಆದರೆ ಮೊಗ್ಗು ಜಾರುತ್ತದೆ. ಒಂದು ತೊಟ್ಟು ಉದ್ದ, ಇನ್ನೊಂದು ಗಿಡ್ಡ. ನಾರು ಒಂದು ಕಡೆ ದಪ್ಪ, ಒಂದು ಕಡೆ ಎಳೆಯಷ್ಟು ಸಪೂರ. ಕೈ ಓಡುತ್ತಲೇ ಇರುತ್ತದೆ, ಕಣ್ಣು ದಾರಿಯಲ್ಲಿ ಹೋಗುವವರ ಮೇಲೆ ಇರುತ್ತದೆ. ಆ ಬೆರಳುಗಳ ಒಂದು ಸುತ್ತು ಇನ್ನೊಂದು ಸುತ್ತಿನ ಹಾಗೆ ಇರುವುದಿಲ್ಲ, ಆದರೆ ಮಾಲೆ ಮಾತ್ರ ಒಂದೇ ಸಮ ಬರುತ್ತದೆ.

ಇದನ್ನು ಮೊದಲು ಸರಿಯಾಗಿ ಗಮನಿಸಿದವರು ರಷ್ಯಾದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್. 1896ರಲ್ಲಿ ಹುಟ್ಟಿದವರು, ಓದಿದ್ದು ವೈದ್ಯಕೀಯ. 1920ರ ದಶಕದಲ್ಲಿ ಮಾಸ್ಕೋದ ಕೇಂದ್ರ ಶ್ರಮ ಸಂಸ್ಥೆಯಲ್ಲಿ ಅವರಿಗೆ ಸಿಕ್ಕಿದ ಕೆಲಸ ಕಾರ್ಮಿಕರ ಚಲನೆಯನ್ನು ಅಳೆಯುವುದು. ಉಳಿಯ ಮೇಲೆ ಸುತ್ತಿಗೆ ಹೊಡೆಯುವವರ ಭುಜ, ಮೊಣಕೈ, ಮಣಿಕಟ್ಟಿಗೆ ಪುಟ್ಟ ಬಲ್ಬು ಕಟ್ಟಿ, ವೇಗವಾಗಿ ತೆರೆದು ಮುಚ್ಚುವ ಕ್ಯಾಮೆರಾದಲ್ಲಿ ಫೋಟೋ ತೆಗೆದರು. ಪಳಗಿದ ಕೈಯಾದರೆ ಪ್ರತಿ ಏಟಿನಲ್ಲೂ ಕೀಲುಗಳು ಒಂದೇ ದಾರಿಯಲ್ಲಿ ಹೋಗಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಗಾಗಲಿಲ್ಲ. ಕೀಲುಗಳ ದಾರಿ ಪ್ರತಿ ಸಲ ಬೇರೆ ಬೇರೆ. ಸುತ್ತಿಗೆಯ ತುದಿ ಮಾತ್ರ ಬೀಳಬೇಕಾದಲ್ಲೇ ಬೀಳುತ್ತಿತ್ತು. ಭುಜ ಸ್ವಲ್ಪ ಆಚೀಚೆ ಆದರೆ ಮೊಣಕೈ ಅದನ್ನು ಸರಿತೂಗಿಸುತ್ತಿತ್ತು.

ಭುಜದಿಂದ ಮಣಿಕಟ್ಟಿನವರೆಗೆ ಲೆಕ್ಕ ಹಾಕಿದರೆ ತೋಳು 7 ಬಗೆಯಲ್ಲಿ ತಿರುಗಬಲ್ಲದು. ಒಂದು ಲೋಟ ಮುಟ್ಟಲು ಲೆಕ್ಕವಿಲ್ಲದಷ್ಟು ದಾರಿಗಳಿವೆ. ಅಷ್ಟನ್ನೂ ಮಿದುಳು ಒಂದೊಂದೇ ಸ್ನಾಯುವಿಗೆ ಅಪ್ಪಣೆ ಕೊಟ್ಟು ನಡೆಸುತ್ತದೆ ಅನ್ನುವುದು ಆಗದ ಮಾತು. ಹಾಗಾಗಿ ಅಭ್ಯಾಸ ಅಂದರೆ ಒಂದೇ ಉತ್ತರವನ್ನು ಉರು ಹೊಡೆಯುವುದಲ್ಲ, ಒಂದೇ ಸಮಸ್ಯೆಯನ್ನು ಪ್ರತಿ ಸಲ ಹೊಸದಾಗಿ ಬಿಡಿಸುವುದು ಅಂತ ಬರ್ನ್‌ಸ್ಟೈನ್ ಹೇಳಿದರು. ನಮ್ಮವರಿಗೆ ಇದು ಬೇಗ ಅರ್ಥವಾಗಬೇಕು. ತಾಳಮದ್ದಳೆಯಲ್ಲಿ ಪ್ರಸಂಗ ಅದೇ, ಪದ್ಯ ಅದೇ, ಅರ್ಥಧಾರಿಯ ಮಾತು ಮಾತ್ರ ಎದುರು ಕೂತವರನ್ನು ನೋಡಿಕೊಂಡು ಪ್ರತಿ ರಾತ್ರಿ ಹೊಸದಾಗಿ ಹುಟ್ಟುತ್ತದೆ.

ಈ ಮನುಷ್ಯನಿಗೆ 1948ರಲ್ಲಿ ಸ್ಟಾಲಿನ್ ಪ್ರಶಸ್ತಿ ಸಿಕ್ಕಿತು. ಎರಡೇ ವರ್ಷದ ಒಳಗೆ ಗಾಳಿ ತಿರುಗಿತು. ರಷ್ಯಾದ ಶರೀರಶಾಸ್ತ್ರಜ್ಞ ಪಾವ್ಲೋವ್ ಹೇಳಿದ್ದೇ ಕೊನೆಯ ಮಾತು ಅಂತ ಸರ್ಕಾರವೇ ನಿಂತಾಗ, ಪ್ರತಿವರ್ತನೆಯಿಂದಲೇ (ಹೊರಗಿನ ಪ್ರಚೋದನೆಗೆ ದೇಹ ತಾನಾಗಿ ಕೊಡುವ ಉತ್ತರದಿಂದಲೇ) ಎಲ್ಲ ಅನ್ನುವುದನ್ನು ಒಪ್ಪದ ಬರ್ನ್‌ಸ್ಟೈನ್ ಕೆಲಸ ಕಳೆದುಕೊಂಡರು. ಅವರ ಮುಖ್ಯ ಬರಹಗಳು ಪುಸ್ತಕವಾಗಿ ಇಂಗ್ಲಿಷಿಗೆ ಬಂದದ್ದು 1967ರಲ್ಲಿ, ಅವರು ತೀರಿಕೊಂಡ ಮರುವರ್ಷ. ಅಷ್ಟು ಕಾಲ ಲಂಡನ್, ನ್ಯೂಯಾರ್ಕಿನ ಚಿಕಿತ್ಸಾಲಯಗಳು ಬೇರೆ ದಾರಿಯಲ್ಲೇ ನಡೆದವು. ಅದರ ಬೆಲೆ ತೆತ್ತವರು ರೋಗಿಗಳು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ಮನಃಶಾಸ್ತ್ರಜ್ಞರಾದ ಲಿಯೊಂಟಿಯೆವ್ ಮತ್ತು ಜಪೊರೊಝೆಟ್ಸ್ ಕೈಗೆ ಗಾಯವಾದ ಸೈನಿಕರ ಮೇಲೆ ಕೆಲಸ ಮಾಡಿದರು, 1945ರಲ್ಲಿ ಅದನ್ನು ಪ್ರಕಟಿಸಿದರು. 'ಆದಷ್ಟು ಕೈ ಎತ್ತು' ಅಂದರೆ ಸೈನಿಕ ಇಷ್ಟು ಎತ್ತುತ್ತಿದ್ದ. 'ಆ ವಸ್ತು ಹಿಡಿ' ಅಂದರೆ ಅದೇ ಕೈ ಇನ್ನೂ ಮೇಲೆ ಹೋಗುತ್ತಿತ್ತು. ಕೀಲು ಅದೇ, ಸ್ನಾಯು ಅದೇ, ಗಾಯ ಅದೇ. 1991ರಲ್ಲಿ ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮಿದುಳಿಗೆ ಪೆಟ್ಟಾಗಿ ಚಲನೆ ಕಷ್ಟವಾಗುವ ಸ್ಥಿತಿ) ಇರುವ ಮಕ್ಕಳಲ್ಲೂ ಇದೇ ಕಂಡಿತು. ಮುಂಗೈ ಆದಷ್ಟು ತಿರುಗಿಸು ಅಂದಾಗ ತಿರುಗಿದ್ದಕ್ಕಿಂತ, ಡ್ರಮ್ ಬಾರಿಸು ಅಂದಾಗ ಜಾಸ್ತಿ ತಿರುಗಿತು.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನ ರೆಪ್ಪೆಯ ಬದಿಯನ್ನು ಬೆರಳಲ್ಲಿ ಮೆಲ್ಲ ಒತ್ತಿ. ಎದುರಿನ ಗೋಡೆ ಅಲುಗಿದ ಹಾಗೆ ಕಾಣುತ್ತದೆ. ಈಗ ಬೆರಳು ತೆಗೆದು ಕಣ್ಣನ್ನೇ ಆಚೀಚೆ ಹೊರಳಿಸಿ. ಗೋಡೆ ಅಲುಗುವುದಿಲ್ಲ. ಕಣ್ಣೊಳಗೆ ಚಿತ್ರ ಎರಡು ಸಲವೂ ಸರಿದಿದೆ. ವ್ಯತ್ಯಾಸ ಇಷ್ಟೇ: ಎರಡನೇ ಸಲ ಅಪ್ಪಣೆ ಕೊಟ್ಟದ್ದು ಮಿದುಳೇ. ಅಪ್ಪಣೆಯ ಒಂದು ಪ್ರತಿ ಇಟ್ಟುಕೊಂಡು, 'ಚಿತ್ರ ಇಷ್ಟು ಸರಿಯುತ್ತದೆ' ಅಂತ ಮೊದಲೇ ಅಂದಾಜು ಮಾಡಿ, ಅಷ್ಟನ್ನು ಕಳೆದುಬಿಡುತ್ತದೆ. ನಮ್ಮ ಕಂಕುಳಿಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದ್ದೂ ಇದೇ ಕಾರಣಕ್ಕೆ. ಕೈಕಾಲಿಗೂ ಈ ಅಂದಾಜು ಬೇಕೇ ಬೇಕು, ಯಾಕೆಂದರೆ ಕಣ್ಣಿನ ಸುದ್ದಿ ಬಂದು ಕೈಯನ್ನು ತಿದ್ದಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಮಲ್ಲಿಗೆಯ ನಾರು ಎಳೆದು ಆಗಿರುತ್ತದೆ. ಅಂದಾಜಿಗೂ ನಿಜವಾಗಿ ಆದದ್ದಕ್ಕೂ ಇರುವ ಅಂತರವೇ ಮಿದುಳಿಗೆ ಪಾಠ. ಆ ಪಾಠದಲ್ಲಿ ಕಿರುಮಿದುಳಿನ ಪಾತ್ರ ದೊಡ್ಡದು.

ಹಾಗಾದರೆ ಬೇರೆ ಯಾರೋ ನಿಮ್ಮ ಕೈ ಹಿಡಿದು ಮೇಲೆ ಕೆಳಗೆ ಮಾಡಿದರೆ? ಅಪ್ಪಣೆಯೇ ಇಲ್ಲ, ಅಂದಾಜೂ ಇಲ್ಲ, ಹೋಲಿಸಿ ನೋಡಲು ಏನೂ ಇಲ್ಲ. 1963ರಲ್ಲಿ ಹೆಲ್ಡ್ ಮತ್ತು ಹೈನ್ ಎರಡೆರಡು ಬೆಕ್ಕಿನ ಮರಿಗಳನ್ನು ಒಂದು ತಿರುಗುವ ಯಂತ್ರಕ್ಕೆ ಕಟ್ಟಿದರು. ಒಂದು ಮರಿ ನಡೆಯುತ್ತಿತ್ತು, ಇನ್ನೊಂದು ಬುಟ್ಟಿಯಲ್ಲಿ ಕೂತು ಸುತ್ತುತ್ತಿತ್ತು. ಕಂಡದ್ದು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಆದರೆ ಕಣ್ಣಿನ ಅಂದಾಜಿನಲ್ಲಿ ಕಾಲಿಡಲು ಕಲಿತದ್ದು ನಡೆದ ಮರಿ ಮಾತ್ರ. ಸುಮ್ನೆ ಮಲಗಿದವರ ಕೈಯನ್ನು ಮನೆಯವರು ಆಡಿಸಿದರೆ ಕೀಲು ಬಿಗಿಯದಂತೆ ನೋಡಿಕೊಳ್ಳಬಹುದು, ಅದು ಬೇಕು ಕೂಡ. ಚಲನೆ ಕಲಿಯಲು ಮಾತ್ರ ಅವರೇ ಪ್ರಯತ್ನಿಸಬೇಕು, ಅರ್ಧಂಬರ್ಧ ಆದರೂ ಸರಿ, ತಪ್ಪಾದರೂ ಸರಿ.

ಪ್ರಯತ್ನವನ್ನೇ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಕಥೆ ಇದೆ. 1895ರಲ್ಲಿ ಮೋಟ್ ಮತ್ತು ಶೆರಿಂಗ್ಟನ್ ಕೋತಿಯ ಒಂದು ಕೈಯಿಂದ ಸ್ಪರ್ಶದ ಸುದ್ದಿ ತರುವ ನರಗಳನ್ನು ಕತ್ತರಿಸಿದರು. ಕೋತಿ ಆ ಕೈಯನ್ನು ಬಳಸುವುದನ್ನೇ ಬಿಟ್ಟಿತು. ಸಂವೇದನೆ ಇಲ್ಲದೆ ಚಲನೆ ಇಲ್ಲ ಅಂತ ಎಲ್ಲರೂ ನಂಬಿದರು. ದಶಕಗಳ ನಂತರ ಎಡ್ವರ್ಡ್ ಟಾಬ್ ಅಂಥ ಕೋತಿಗಳ ಒಳ್ಳೆಯ ಕೈಯನ್ನು ಕಟ್ಟಿಹಾಕಿ ನೋಡಿದರು. ಬೇರೆ ದಾರಿಯಿಲ್ಲದೆ ಅವು ಹೋದ ಕೈಯನ್ನೇ ಬಳಸಿದವು! ಶುರುವಿನಲ್ಲಿ ಸೋತು ಸೋತು ಆ ಕೈಯನ್ನು ಬಿಡುವ ಅಭ್ಯಾಸ ಆಗಿತ್ತು, ಅಷ್ಟೇ. ಇದರಿಂದ ಹುಟ್ಟಿದ ಚಿಕಿತ್ಸೆಯಲ್ಲಿ ಒಳ್ಳೆಯ ಕೈಗೆ ದಪ್ಪ ಕೈಗವಸು ಹಾಕಿ, ಸೋತ ಕೈಯಿಂದ ಗಂಟೆಗಟ್ಟಲೆ ಕೆಲಸ ಮಾಡಿಸುತ್ತಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದ 222 ಜನರಿದ್ದರು. ಎರಡು ವಾರ ಹೀಗೆ ಮಾಡಿದವರ ಕೈ ಮಾಮೂಲಿ ಆರೈಕೆಯವರಿಗಿಂತ ಚೆನ್ನಾಯಿತು, ಒಂದು ವರ್ಷದ ನಂತರವೂ ಆ ಲಾಭ ಉಳಿದಿತ್ತು.

ಎಲ್ಲರಿಗೂ ಇದು ಹಿಡಿಸುವುದಿಲ್ಲ. ಮಣಿಕಟ್ಟು, ಬೆರಳು ಕನಿಷ್ಠ 10 ಡಿಗ್ರಿಯಷ್ಟಾದರೂ ಸ್ವಂತವಾಗಿ ಮೇಲೇಳಬೇಕು. ಕೈಗವಸು ಹಾಕಿಕೊಂಡು ಬಿದ್ದರೆ ಆಪತ್ತು, ಹಾಗಾಗಿ ಮನೆಯಲ್ಲೇ ಟವೆಲ್ ಕಟ್ಟಿ ಶುರು ಮಾಡಬೇಡಿ. ಸ್ಟ್ರೋಕ್ ಆದ 24 ಗಂಟೆಯೊಳಗೆ ಎಬ್ಬಿಸಿ ಜಾಸ್ತಿ ಜಾಸ್ತಿ ನಡೆಸುವುದೂ ಒಳ್ಳೆಯದಲ್ಲ ಅಂತ 2015ರ ಒಂದು ದೊಡ್ಡ ಅಧ್ಯಯನ ತೋರಿಸಿದೆ.

ಆಮೇಲಿನ ದಿನಗಳಲ್ಲಿ ಮಾತ್ರ ಅಭ್ಯಾಸ ಎಷ್ಟಿದ್ದರೂ ಕಡಿಮೆಯೇ. ಪ್ರಾಣಿಗಳ ಪ್ರಯೋಗಗಳಲ್ಲಿ ಮಿದುಳು ಬದಲಾಗಲು ದಿನಕ್ಕೆ ನೂರಾರು ಸಲ ಚಲನೆ ಮಾಡಿಸುತ್ತಾರೆ. ಅಮೆರಿಕ, ಕೆನಡಾದ ಚಿಕಿತ್ಸಾಲಯಗಳಲ್ಲಿ ಕೂತು ಎಣಿಸಿದ 2009ರ ಅಧ್ಯಯನದಲ್ಲಿ ಕೈಯ ಕೆಲಸದ ಅಭ್ಯಾಸ ಒಂದು ದಿನದ ಚಿಕಿತ್ಸೆಯ ಹೊತ್ತಿಗೆ ಸರಾಸರಿ 32 ಸಲ ಮಾತ್ರ. ಉಳಿದದ್ದು ಮನೆಯಲ್ಲೇ ಆಗಬೇಕು. ಆದರೆ ಮನೆಯಲ್ಲಿ 'ಬಿಡಿ ಅಮ್ಮ, ನಾನು ಮಾಡ್ತೇನೆ' ಅಂತ ಕೈಯಿಂದ ಕಸಿದುಕೊಳ್ಳುವವರೇ ಹೆಚ್ಚು. ಪ್ರೀತಿಯಿಂದಲೇ ಮಾಡುವುದು, ಆದರೂ ಆ ಕೈಗೆ ಅದು ನಷ್ಟ. ಆಸ್ಪತ್ರೆಯ ಟೈಲ್ಸ್ ನೆಲದ ಮೇಲೆ ನಡೆದವರು ಮನೆಯ ಮುರಕಲ್ಲಿನ ಮೆಟ್ಟಿಲು, ಅಡಿಕೆ ಹರಡಿದ ಅಂಗಳ, ತೋಟದ ಕಟ್ಟಹುಣಿಯ (ಬದುವಿನ) ಮೇಲೆ ನಡೆಯುತ್ತಾರೆ ಅನ್ನುವ ಹಾಗೂ ಇಲ್ಲ. ಅದನ್ನು ಬೇರೆಯೇ ಅಭ್ಯಾಸ ಮಾಡಬೇಕು, ಪಕ್ಕದಲ್ಲಿ ಒಬ್ಬರು ನಿಂತುಕೊಂಡು. ಮುಂದಿನ ಸಲ ಫಿಸಿಯೋಥೆರಪಿಗೆ ಹೋಗುವಾಗ ಒಂದು ಪಟ್ಟಿ ಬರೆದುಕೊಂಡು ಹೋಗಿ: ನಳ್ಳಿ ತಿರುಗಿಸುವುದು, ಅಂಗಿಯ ಗುಬ್ಬಿ ಹಾಕುವುದು, ತೆಂಗಿನಕಾಯಿ ತುರಿಯುವಾಗ ಬಟ್ಟಲು ಹಿಡಿಯುವುದು, ಸಿಟಿ ಬಸ್ ಹತ್ತುವುದು, ಹೂ ಕಟ್ಟುವುದು. ಇದರಲ್ಲಿ ಯಾವುದನ್ನು ಇವತ್ತಿನಿಂದಲೇ ಶುರು ಮಾಡಬಹುದು ಅಂತ ಅವರನ್ನೇ ಕೇಳಿ.